ಗಿರಿಜಮ್ಮ ಮಿಸ್ಸಿನ ರಾಗಿ ತೆನೆ

ಗಿರಿಜಮ್ಮ ಮಿಸ್ ಕ್ಲಾಸಿಗೆ ಬಂದರೆ ಮೊದಲು ಮಾಡುತ್ತಿದ್ದ ಕೆಲಸ, ಮಕ್ಕಳ ರಬ್ಬರೆಲ್ಲ ಕಿತ್ತುಕೊಂಡು ತಮ್ಮ ಊಟದ ಡಬ್ಬಿಗೆ ಹಾಕಿ ಮುಚ್ಚಳ ಜಡಿಯುವುದು. ಕೊತ್ತಗೆರೆ ಪಕ್ಕದ ನಮ್ಮೂರ ಪ್ರೈಮರಿ ಸ್ಕೂಲಿಗೆ ಅವರು ಡ್ರಾಯಿಂಗ್ ಮಿಸ್. ಹುಟ್ಟಿದ್ದು ಗೂಳೂರು. ಗಂಟಲೋ, ಮೈಕೇ ಬೇಡ!

ಒಂದು ಸಲ ನನ್ನ ಮಗಳು ಸಿಂಚನ ಹಸುವಿಗೆ ಐದು ಕಾಲು ಬರೆದು ಅಳುತ್ತಾ ಕೂತಿದ್ದಳಂತೆ. "ಯಾಕೇ ಅಳ್ತೀಯ? ತಪ್ಪು ಗೆರೆಗೂ ಒಂದ್ ಕೆಲ್ಸ ಕೊಡು ಕಣೇ" ಅಂದರಂತೆ ಮಿಸ್. ಇವಳು ಹಸುವಿನ ಹಿಂದೆ ಒಂದು ಕರು ಬರೆದು, ಆ ಐದನೇ ಕಾಲನ್ನು ಅದಕ್ಕೆ ಕೊಟ್ಟಳು. ಆ ಚಿತ್ರ ನಮ್ಮ ಫ್ರಿಜ್ಜಿನ ಮೇಲಿದೆ. ಬಂದೋರಿಗೆಲ್ಲ ತೋರಿಸುತ್ತೇನೆ, ಜಂಬ ಅಂದುಕೊಂಡರೂ ಸರಿ.

ರಾಗಿ ತೆನೆ ಬಲಿಯುವ ಕಾಲದಲ್ಲಿ ಪೇರೆಂಟ್ಸ್ ಮೀಟಿಂಗ್ ಕರೆದರು. ಡ್ರಾಯಿಂಗ್ ಪೀರಿಯಡ್ ತೆಗೆದು ವಸತಿ ಶಾಲೆ ಪರೀಕ್ಷೆಯ ಕೋಚಿಂಗಿಗೆ ಕೊಡಬೇಕು ಅಂತ ಊರೋರ ಹಟ. ಎಲ್ಲರಿಗಿಂತ ಮುಂಚೆ ಎದ್ದವರು ನಮ್ಮೆಜಮಾನ್ರು ರಾಜಣ್ಣ. "ಬಣ್ಣ ಬಳ್ಕೊಂಡ್ ಕೂತ್ರೆ ಮಕ್ಳು ಪಾಸಾಯ್ತವಾ ಮಿಸ್?" ಅಂತ ಮುಖಕ್ಕೆ ಹೊಡೆದ ಹಾಗೆ ಕೇಳಿಬಿಟ್ಟರು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು.

ಮಿಸ್ ವಾದಕ್ಕಿಳಿಯಲಿಲ್ಲ. ಬಂದಿದ್ದ ಅಪ್ಪಂದಿರಿಗೆಲ್ಲ ಒಂದೊಂದು ಹಾಳೆ, ಪೆನ್ಸಿಲ್ ಹಂಚಿದರು. "ಆಯ್ತು, ಪೀರಿಯಡ್ ಬುಡ್ತೀನಿ. ಅದಕ್ಕೆ ಮುಂಚೆ ನಿಮ್ ಹೊಲದ ರಾಗಿ ತೆನೆ ಒಂದ್ ಬರ್ಕೊಡಿ."

ರಾಗಿ ತಿಂದೇ ಬೆಳೆದ ಗಂಡಸರು, ಉಸಿರು ಬಿಗಿಹಿಡಿದು ಬರೆದರು. ನಮ್ಮೆಜಮಾನ್ರದ್ದು ನೆಟ್ಟಗೆ ಒಂದು ಕಡ್ಡಿ, ಎರಡೂ ಪಕ್ಕ ಕಾಳು. ಅಯ್ಯೋ ದೇವರೇ, ಅದು ಗೋಧಿ ತೆನೆ! ಮುಕ್ಕಾಲು ಜನರದ್ದೂ ಹಾಗೇ. ಕ್ಯಾಲೆಂಡರಲ್ಲಿ, ಗೊಬ್ಬರದ ಚೀಲದ ಮೇಲೆ ಕಂಡ ಚಿತ್ರವೇ ಕೈಗೆ ಕೂತುಬಿಟ್ಟಿತ್ತು.

ಆಮೇಲೆ ಮಿಸ್ ಮಕ್ಕಳ ಹಾಳೆ ತೆಗೆದರು. ಹೋದ ವಾರ ಹೊಲದ ಬದುವಿನ ಮೇಲೆ ಕೂರಿಸಿ ಬರೆಸಿದ್ದು. ಒಂದೊಂದು ತೆನೆಯೂ ಮಡಚಿದ ಬೆರಳುಗಳ ಹಾಗೆ. ಸಿಂಚನಳ ಚಿತ್ರದಲ್ಲಿ ಒಂದು ಬೆರಳು ಮಾತ್ರ ಬೇರೆಯಾಗಿ ಕೆಳಗಿತ್ತು.

"ಇದ್ ತಪ್ಪು. ಒಂದ್ಯಾಕೆ ಕೆಳಗ್ ಬಂತು?" ಅಂದರು ಇವರು, ಸಿಕ್ಕಿದ್ದೇ ಸಾಕು ಅಂತ.

"ಅದು ಹೆಬ್ಬೆಟ್ಟು ಅಪ್ಪ. ಬೇಕಾದ್ರೆ ಹೋಗ್ ನೋಡು."

ಹೋಗೇಬಿಟ್ಟರು! ಕಾಂಪೌಂಡ್ ಆಚೆಯ ಹೊಲದಿಂದ ತೆನೆ ಮುರಿದುಕೊಂಡು, ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಾ ಒಳಗೆ ಬಂದರು. "ಹೌದು ಕಣ್ರಯ್ಯಾ. ಹೆಬ್ಬೆಟ್ಟು ಐತೆ."

ಯಾರೂ ನಗಲಿಲ್ಲ. ಮಿಸ್ ಮೆತ್ತಗೆ ಹೇಳಿದರು: "ನಾನ್ ಕಲ್ಸೋದು ನೋಡೋದನ್ನ, ಅಷ್ಟೇ ರಾಜಣ್ಣ. ನೋಡಕ್ ಕಲ್ತೋರಿಗೆ ಲೆಕ್ಕಾನೂ ಕಾಣ್ತದೆ." ಪೀರಿಯಡ್ ಉಳಿಯಿತು.

ಸಂಕ್ರಾಂತಿ ಆದಮೇಲೆ ಮಿಸ್ ರಿಟೈರಾದರು. ಬೀಳ್ಕೊಡುಗೆ ದಿನ ಹೆಡ್ಮಾಸ್ಟರು, ಬೇರೆ ಡ್ರಾಯಿಂಗ್ ಮಿಸ್ ಬರೋ ತನಕ ಆ ಪೀರಿಯಡ್ ಲೆಕ್ಕಕ್ಕೆ ಅಂದರು. ಯಾರೂ ಕೇಳದೆಯೇ ನಮ್ಮೆಜಮಾನ್ರು ಎದ್ದು ನಿಂತರು. "ಅದಕ್ಕ್ ಮಾತ್ರ ಕೈ ಹಾಕ್ಬೇಡಿ ಸಾರ್. ನಾವೇ ಬಂದು ಮಕ್ಳ ಜೊತೆ ಕೂತ್ಕೋತೀವಿ." ನನ್ನ ಗಂಡ ಅಂತ ಅವತ್ತು ಎದೆ ತುಂಬಿ ಬಂತು. ಮಿಸ್ ಗುಬ್ಬಿಯಲ್ಲಿರೋ ಮಗಳ ಮನೆಗೆ ಹೊರಟರು. ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಕೂತ್ರೆ ಸಾಲ್ದು ರಾಜಣ್ಣ, ನೀವೂ ಬರೀಬೇಕು!" ಅಂತ ಕೂಗಿದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಮೊದಲ ಶುಕ್ರವಾರ ಡ್ರಾಯಿಂಗ್ ಪೀರಿಯಡ್ಡಿಗೆ ಹೋಗಿ ಬಂದ ನಮ್ಮೆಜಮಾನ್ರಿಗೆ ಸಿಂಚನ ಹೋಂವರ್ಕ್ ಕೊಟ್ಟಿದ್ದಳು: ಮನೆಯಲ್ಲಿರೋ ಒಬ್ಬರ ಮುಖ, ನೋಡಿಕೊಂಡು ಬರೆಯಬೇಕು. ನನ್ನನ್ನು ಹೊಸ್ತಿಲ ಮೇಲೆ ಕೂರಿಸಿ, "ಅಲ್ಲಾಡ್ಬೇಡ ಕಣೇ" ಅಂದರು. ಆ ಮನುಷ್ಯ ನನ್ನನ್ನು ಅಷ್ಟು ಹೊತ್ತು ನೋಡಿದ್ದು ಮದುವೆಯಲ್ಲೂ ಇಲ್ಲ. ನಾಚಿಕೆಯಾಗಿ ತಲೆ ತಗ್ಗಿಸಿದೆ.

"ಏ, ತಲೆ ಎತ್ತು. ಹುಬ್ಬಿನ್ ಕೆಳಗೆ ಮಚ್ಚೆ ಐತಲ್ಲೇ! ಯಾವಾಗ್ ಬಂತು?"

"ಹುಟ್ಟಿದಾಗ್ಲಿಂದ ಐತೆ" ಅಂದೆ.