ಕೊಸರು ಲೆಕ್ಕಕ್ಕಿಲ್ಲ

ನಮ್ಮ ಮನೆಯ ಹಕ್ಕಿ ಹಾರುವುದನ್ನು ಬಿಟ್ಟು ನಡೆಯಲು ಶುರುಮಾಡಿದ್ದು ಕಳೆದ ಬೇಸಿಗೆಯಲ್ಲಿ. ಮೊದಲೆಲ್ಲ ಪಂಜರದ ಬಾಗಿಲು ತೆಗೆದರೆ ಸಾಕು, ಕಿಟಕಿಯ ಸರಳಿಗೆ ಒಂದು ಹಾರಿಕೆ, ಅಲ್ಲಿಂದ ಕಪಾಟಿನ ತಲೆಗೆ ಇನ್ನೊಂದು. ಈಗ ಅದು ಪಂಜರದಿಂದ ದೊಪ್ಪನೆ ನೆಲಕ್ಕಿಳಿದು, ಅಪ್ಪನ ಹಿಂದೆ ಅಡುಗೆಮನೆಯವರೆಗೆ ನಡೆದುಕೊಂಡೇ ಹೋಗುತ್ತಿತ್ತು. ಅಪ್ಪನಿಗೆ ಅದೊಂದು ಹೆಮ್ಮೆ.

"ನೋಡ ಇದರ ನಡಿಗಿ, ಥೇಟ್ ಸಾಹುಕಾರಂದು!"

ನನಗೆ ಮಾತ್ರ ಮೈ ಉರಿಯುತ್ತಿತ್ತು. ರೆಕ್ಕೆ ಇದ್ದೂ ನೆಲದ ಮೇಲೆ ನಡೆಯುವ ಹಕ್ಕಿಯಲ್ಲಿ ಹೆಮ್ಮೆಪಡುವಂಥದ್ದೇನಿದೆ?

ಅಂಗಡಿಯವರು ಇವನ್ನು ಲವ್ ಬರ್ಡ್ಸ್ ಎಂದು ಮಾರುತ್ತಾರೆ. ಖರೇ ಹೆಸರು ಬಜರಿಗರ್, ಸಾಕುವವರ ಬಾಯಲ್ಲಿ ಬಜಿ. ಅಂಗೈಯಲ್ಲಿ ಕೂರುವಂಥ ಪುಟ್ಟ ಗಿಳಿ. ಹಸಿರು ಮೈ, ಹಳದಿ ಮುಖ, ಬೆನ್ನ ಮೇಲೆ ಕಪ್ಪು ಗೆರೆಗಳು. ಅವ್ವ ತೀರಿಹೋದ ಮೇಲೆ ಒಂದು ಜೋಡಿ ತಂದವಳು ನಾನೇ. ವಿದ್ಯಾನಗರದ ಈ ಮನೆಯಲ್ಲಿ ಆಗ ಉಳಿದದ್ದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುವ, ಮದುವೆಯಾಗದ ನಾನು ಮತ್ತು ಅಪ್ಪ. ಆಯುಷ್ಯವಿಡೀ ಇನ್ನೊಬ್ಬರಿಗೆ ಅಳೆದು ಕೊಡುತ್ತ, ಬಡಿಸುತ್ತ ಬಂದ ಮನುಷ್ಯನಿಗೆ ಬಡಿಸಲು ಒಂದು ತಾಟೂ ಇಲ್ಲದಂತಾಗಿತ್ತು. ನನಗೆ ಬಡಿಸುವುದೆಂದರೆ ಅವರಿಗೆ ಸುಖವಿಲ್ಲದ ಕೆಲಸ. ಎರಡನೇ ಸಲ ಯಾರಾದರೂ ಬಡಿಸಲು ಬಂದರೆ ತಾಟಿನ ಮೇಲೆ ಕೈ ಅಡ್ಡ ಹಿಡಿದು ಗದರುವ ಜಾತಿ ನನ್ನದು. ಹಕ್ಕಿಗಳಾದರೂ ತಿನ್ನಲಿ ಎಂದುಕೊಂಡೆ.

ಜೋಡಿಯಲ್ಲಿ ಒಂದು ಮೊದಲ ಮಳೆಗಾಲದಲ್ಲೇ ಸತ್ತಿತು. ಉಳಿದದ್ದಕ್ಕೆ ತಿನ್ನುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ, ಅಪ್ಪನಿಗೆ ತಿನ್ನಿಸುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಇಬ್ಬರಿಗೂ ಸರಿಹೋಯಿತು.

ಅಪ್ಪನದು ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ಕಾಳುಕಡಿಯ ಅಂಗಡಿ. ದಿನಾ ಸಂಜೆ ಸಾಲಿ ಬಿಟ್ಟ ಮೇಲೆ ನಾನು ಅಲ್ಲಿ ಹೋಗಿ ಜೋಳದ ಚೀಲದ ಮೇಲೆ ಕೂತಿರುತ್ತಿದ್ದೆ. ಸೇರಿನ ಮೇಲೆ ಗೋಪುರ ನಿಲ್ಲುವಂತೆ ಅಳೆದು ಗಿರಾಕಿಯ ಚೀಲಕ್ಕೆ ಸುರಿದಾದ ಮೇಲೆ, ಅಪ್ಪ ರಾಶಿಗೆ ಕೈ ಹಾಕಿ ಇನ್ನೊಂದು ಹಿಡಿ ಹಾಕುತ್ತಿದ್ದರು. ಅದು ಕೊಸರು. ಸೇರು ಹೋಗಿ ತಕ್ಕಡಿ ಬಂತು, ತಕ್ಕಡಿ ಹೋಗಿ ಕರೆಂಟಿನ ಕಾಟಾ ಬಂತು, ಅಪ್ಪನ ಕೊಸರು ಮಾತ್ರ ಹೋಗಲಿಲ್ಲ. ಕಾಟಾದ ಮೇಲೆ ಅಂಕಿ ಸರಿಯಾಗಿ ನಿಂತ ಮೇಲೂ ಕೈ ತಾನಾಗಿ ಚೀಲಕ್ಕೆ ಹೋಗುತ್ತಿತ್ತು. ಗಿರಾಕಿ ಕೇಳದಿದ್ದರೂ ಹಾಕಬೇಕು, ಮುನಿಸಿಕೊಂಡ ಗಿರಾಕಿಗಂತೂ ಹಾಕಲೇಬೇಕು. ಕೊಸರು ಹಾಕದೆ ಚೀಲದ ಬಾಯಿ ಕಟ್ಟಿದವನನ್ನು ನಮ್ಮ ಓಣಿಯಲ್ಲಿ ಮನುಷ್ಯರ ಸಾಲಿಗೇ ಸೇರಿಸುತ್ತಿರಲಿಲ್ಲ.

"ಅಳತಿ ವ್ಯಾಪಾರದ್ದು, ಕೊಸರು ಮನಸಿಂದು. ಅದು ಲೆಕ್ಕಕ್ಕ ಬರೂದಿಲ್ಲ" ಎಂದು ಅಪ್ಪ ನನಗೆ ಹೇಳುತ್ತಿದ್ದರು. ಎಷ್ಟು ಚೆಂದದ ಮಾತು ಎಂದು ಆಗ ಅನ್ನಿಸಿತ್ತು.

ಅವ್ವನಿಗೆ ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು ಅವಳ ಊಟಕ್ಕೆ ಅಳತೆ ಹಾಕಿಕೊಟ್ಟರು. ಅಳತೆಯ ಮಾತು ಬಂತಲ್ಲ, ಅಪ್ಪ ತಾವೇ ಬಡಿಸುವ ಉಸ್ತುವಾರಿ ವಹಿಸಿಕೊಂಡರು. ಎರಡು ಜೋಳದ ರೊಟ್ಟಿ, ಕಾಳಿನ ಪಲ್ಯ, ಒಂದು ಬಟ್ಟಲು ಮಜ್ಜಿಗೆ. ಒಂದು ಚೂರು ಹೆಚ್ಚಿಲ್ಲ, ಕಮ್ಮಿಯಿಲ್ಲ. ಊಟ ಮುಗಿದು ಅವ್ವ ಕೈತೊಳೆಯಲು ಏಳುವ ಹೊತ್ತಿಗೆ ತಾಟಿನ ಅಂಚಿಗೆ ಏನಾದರೊಂದು ಬಂದು ಬೀಳುತ್ತಿತ್ತು. ಒಂದು ತುಂಡು ಹೋಳಿಗೆ, ಒಂದು ಹಿಡಿ ಮಾದಲಿ, ಯಾರೋ ತಂದುಕೊಟ್ಟ ಪೇಡೆಯ ಅರ್ಧ.

"ಡಾಕ್ಟರ್ ಬೈತಾರ್ರಿ" ಎಂದು ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

"ಅವರಿಗೆ ಯಾರ ಹೇಳ್ತಾರ? ಇದು ಕೊಸರು, ತಿನ್ನ."

ಓಣಿಯ ಮನೆಗೆ ಹೋದಾಗಲೆಲ್ಲ ನಾನು ಜಗಳವಾಡಿದ್ದೇನೆ. ತಾಟು ಕಿತ್ತುಕೊಂಡದ್ದೂ ಉಂಟು. ಆಗ ಇಬ್ಬರೂ ಒಂದಾಗಿ ನನ್ನನ್ನೇ ನೋಡಿ ನಗುತ್ತಿದ್ದರು, ಹೆಡ್‌ಮಾಸ್ತರ ಬಂದರು ಎಂದು ಕಣ್ಣು ಹೊಡೆಯುತ್ತಿದ್ದರು. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಏರಿದ್ದು ಕಂಡರೆ ಅಪ್ಪ ಮಷೀನನ್ನೇ ಬೈಯುತ್ತಿದ್ದರು. ಕಾಲಿನ ಬೆರಳಿಗೆ ಗಾಯವಾಯಿತು, ಮಾಯಲಿಲ್ಲ. ಆ ಹೊತ್ತಿಗೆ ಅಂಗಡಿ ಮುಚ್ಚಿ ಇಬ್ಬರೂ ನನ್ನಲ್ಲಿಗೆ ಬಂದರು. ಆಮೇಲೆ ಮೂತ್ರಪಿಂಡ ಕೈಕೊಟ್ಟಿತು. ಅವ್ವ ಹೋದಳು.

ಮಾತಾಡಿಸಲು ಬಂದ ಬೀಗರು ಬಿಜ್ಜರು, ಓಣಿಯ ಮಂದಿ ಎಲ್ಲರೂ ಅಪ್ಪನ ಕೈ ಹಿಡಿದು, ಎಷ್ಟು ಛಲೋ ನೋಡಿಕೊಂಡಿರಿ ಎಂದು ಹೇಳಿಹೋದರು. ಅಪ್ಪ ಕಣ್ಣೊರೆಸಿಕೊಂಡು ಪ್ರತಿಯೊಬ್ಬರಿಗೂ ಒಂದೇ ಮಾತು ಹೇಳಿದರು: "ಕಡೀತನಕ ಆಕೀಗೆ ಏನೂ ಕಮ್ಮಿ ಮಾಡ್ಲಿಲ್ಲ ನಾ." ಆಮೇಲೆ ಅವರು ಬೆಳಿಗ್ಗೆ ಎದ್ದು ಚಹಾ ಕುಡಿದು ದಿನ ದೂಡುತ್ತಿದ್ದದ್ದು ಆ ಒಂದು ಮಾತಿನ ಆಸರೆಯಿಂದ. ಅದನ್ನು ಕಿತ್ತುಕೊಂಡರೆ ಮುದುಕನ ಬಳಿ ಏನು ಉಳಿಯುತ್ತದೆ? ನಾನು ಬಾಯಿ ಮುಚ್ಚಿಕೊಂಡಿದ್ದೆ.

ಇಂಥ ಮನೆಯಲ್ಲಿ ಹಕ್ಕಿ ದಪ್ಪವಾಗದೆ ಇನ್ನೇನಾದೀತು.

ನಾಯಿ ಬೆಕ್ಕು ನೋಡುವ ಡಾಕ್ಟರು ಹುಬ್ಬಳ್ಳಿಯಲ್ಲೇ ಸಿಕ್ಕರು, ಹಕ್ಕಿ ನೋಡುವವರಿಗಾಗಿ ಧಾರವಾಡಕ್ಕೆ ಹೋಗಬೇಕಾಯಿತು. ಇನ್ನೂ ಸಣ್ಣ ವಯಸ್ಸಿನ ವೈದ್ಯೆ. ಹಕ್ಕಿಯನ್ನು ಬಟ್ಟೆಯಲ್ಲಿ ಹಿಡಿದು, ಎದೆಯ ಮೇಲೆ ಬೆರಳಾಡಿಸಿ ನನ್ನನ್ನು ನೋಡಿದರು.

"ಎದಿ ಎಲುಬು ಕೈಗೆ ಹತ್ತಬೇಕ್ರಿ. ಇದಕ್ಕ ಹತ್ತವಲ್ದು, ಬರೇ ಕೊಬ್ಬು. ಏನ್ ಹಾಕ್ತೀರಿ?"

ಅಪ್ಪ ಉತ್ಸಾಹದಿಂದ ಹೇಳಿದರು. ನವಣೆ, ಸಜ್ಜೆ, ಬಿಳಿ ಕುಸುಬಿ, ಸೂರ್ಯಕಾಂತಿ ಬೀಜ, ಶೇಂಗಾ ಕುಟ್ಟಿ ಒಂದಿಷ್ಟು. ಎಲ್ಲಾ ಸೋಸಿದ ಮಾಲು, ಒಂದು ಹರಳು ಸಿಗೂದಿಲ್ಲ ಎಂದು ಸೇರಿಸಿದರು.

"ಕುಸುಬಿ, ಸೂರ್ಯಕಾಂತಿ, ಶೇಂಗಾ ಬಂದ್ ಮಾಡ್ರಿ ಅಜ್ಜಾರ. ಎಲ್ಲಾ ಎಣ್ಣಿ ಕಾಳು. ಒಮ್ಮೆಲೆ ಉಪವಾಸ ಕೆಡವಬ್ಯಾಡ್ರಿ, ಅದೂ ಅಪಾಯ. ನವಣಿ ಮುಂಜಾನಿ ಒಂದು ಸಣ್ಣ ಚಮಚ, ಸಂಜೀಕ ಒಂದು. ಜೋಡಿ ಮೆಂತೆ ತಪ್ಪಲ, ಗಜ್ಜರಿ. ಇವು ಕಾಡಿನ್ಯಾಗ ಒಂದೊಂದು ಕಾಳಿಗೂ ಹಾರಾಡತಾವ. ನಿಮ್ಮನ್ಯಾಗ ಬಟ್ಟಲದಾಗ ಬಂದು ಬೀಳತೈತಿ. ಹಸಿವಾಗಿ ಅಲ್ಲ, ಬ್ಯಾಸರಾಗಿ ತಿನ್ನಾಕತ್ತೈತಿ ಅದು."

ಅಳತೆ ಎಂದ ಕೂಡಲೇ ಅಪ್ಪ ಖುಷಿಯಾದರು. ಮನೆಗೆ ಬಂದವರೇ ಒಂದು ಚಮಚ ಬೇರೆ ತೆಗೆದಿಟ್ಟರು.

ನಾನೂ ಕೈಲಾದದ್ದು ಮಾಡಿದೆ. ಕಾಳನ್ನು ಕಾಗದದ ಉಂಡೆಯೊಳಗೆ ಸುತ್ತಿ ಪಂಜರದಲ್ಲಿಟ್ಟರೆ ಹಕ್ಕಿ ಬಿಚ್ಚಿ ಬಿಚ್ಚಿ ತಿನ್ನುತ್ತದೆ, ಅದಕ್ಕೂ ಒಂದು ಉದ್ಯೋಗವಾಗುತ್ತದೆ ಎಂದು ಆ ವೈದ್ಯೆ ಹೇಳಿಕೊಟ್ಟಿದ್ದರು. ನಾನು ಉಂಡೆ ಮಾಡಿಟ್ಟು ಕೆಲಸಕ್ಕೆ ಹೋಗುತ್ತಿದ್ದೆ. ಅಪ್ಪ ಹಿಂದಿನಿಂದ ಒಂದೊಂದನ್ನೇ ಬಿಚ್ಚಿ ಕೊಡುತ್ತಿದ್ದರು. ಕೇಳಿದರೆ, "ಪಾಪ, ಬಿಚ್ಚಾಕ ಬರವಲ್ದು ಅದಕ್ಕ" ಎಂಬ ಉತ್ತರ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಡುಗೆಮನೆಯ ಕಾಟಾದ ಮೇಲೆ ಹಕ್ಕಿಯನ್ನು ಕೂರಿಸಿ ನೋಡಿದರೆ ತೂಕ ಇಳಿದಿರಲಿಲ್ಲ, ಏರಿತ್ತು.

ಒಂದು ರವಿವಾರ ಬೆಳಿಗ್ಗೆ ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ಅಪ್ಪ ಬಟ್ಟಲಿನ ಹೊಟ್ಟನ್ನು ಉಫ್ ಎಂದು ಊದಿದರು. ಚಮಚದಲ್ಲಿ ನವಣೆ ತೆಗೆದು ಹಾಕಿದರು. ಆಮೇಲೆ ಅಂಗಿಯ ಕಿಸೆಗೆ ಕೈ ಹಾಕಿ ಒಂದು ಚಿವುಟು ಕುಸುಬಿ ತೆಗೆದು ಮೇಲೆ ಉದುರಿಸಿದರು. ಆ ಕೈಯ ತಿರುವು ಅಂಗಡಿಯಲ್ಲಿ ನಾನು ದಿನವೂ ನೋಡುತ್ತಿದ್ದದ್ದೇ.

"ಏನ್ರಿ ಅಪ್ಪಾಜಿ ಇದು?"

"ಕೊಸರು" ಎಂದರು, ಗಂಟೆ ಎಷ್ಟಾಯಿತೆಂದು ಕೇಳಿದವರಿಗೆ ಹೇಳುವಂತೆ.

"ಡಾಕ್ಟರ್ ಹೇಳಿದ್ದು ಮರತ್ರೇನು?"

"ಅವ್ರು ಅಳತಿ ಹೇಳ್ಯಾರ. ಅಳತಿ ಬರೋಬ್ಬರಿ ಹಾಕೇನಿ. ಕೊಸರು ಹಾಕಬ್ಯಾಡ್ರಿ ಅಂತ ಅವ್ರೇನು ಹೇಳಿಲ್ಲಲ್ಲ. ಇಷ್ಟ ಇಷ್ಟು ಕಾಳಿಲೇ ಏನಾಗತೈತಿ ಹುಡುಗಿ?"

ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಈ ಕೊಸರಿನಿಂದಲೇ ಅಲ್ಲವೇ ಎಂದು ಶುರುಮಾಡಿದರೆ ಮಾತು ಹಕ್ಕಿಯಲ್ಲಿ ನಿಲ್ಲುವುದಿಲ್ಲ, ಅವ್ವನವರೆಗೆ ಹೋಗಿಯೇ ನಿಲ್ಲುತ್ತದೆ. ಹಕ್ಕಿಯನ್ನು ಉಳಿಸಬೇಕಾದರೆ ಅಪ್ಪನಿಗೆ ತಿಳಿಸಿ ಹೇಳಬೇಕು. ತಿಳಿಸಿ ಹೇಳಿದರೆ ಅಪ್ಪ ಉಳಿಯುವುದಿಲ್ಲ. ಮಾತು ನುಂಗಿಕೊಂಡೆ. ಸಿಟ್ಟು ಮಾತ್ರ ನುಂಗಲಾಗಲಿಲ್ಲ, ನೆಲದ ತುಂಬ ಹೊಟ್ಟು ಹಾರಿಸಿದ್ದೀರಿ, ಗುಡಿಸುವವರು ಯಾರು ಎಂದು ಕೂಗಾಡಿದೆ. ಅಪ್ಪ ಬಡಪಾಯಿಯಂತೆ ಕಸಬರಿಗೆ ತಂದು ತಾವೇ ಗುಡಿಸಿದರು.

ಕುಸುಬಿಯ ಡಬ್ಬಿಯನ್ನು ಕಾಲೇಜಿಗೆ ಒಯ್ದು ನನ್ನ ಡ್ರಾವರಿನಲ್ಲಿ ಬೀಗ ಹಾಕಿಟ್ಟೆ. ಅಪ್ಪ ಹಳೇ ಹುಬ್ಬಳ್ಳಿಗೆ ಹೋಗಿ ಗೆಳೆಯನ ಅಂಗಡಿಯಿಂದ ಬೇರೆ ತಂದರು. ಅರವತ್ತು ವರ್ಷ ಕಾಳಿನ ನಡುವೆ ಬದುಕಿದವರಿಗೆ ಈ ಊರಲ್ಲಿ ಹಿಡಿ ಕುಸುಬಿ ಸಿಗದಂತೆ ಮಾಡುವುದು ನನ್ನಿಂದಾದೀತೇ? ಸೋತೆ. ದೀಪಾವಳಿಯ ಹೊತ್ತಿಗೆ ಹಕ್ಕಿಯ ಕೊಕ್ಕು ಉದ್ದವಾಗಿ ಬೆಳೆದು ಸಿಪ್ಪೆ ಏಳತೊಡಗಿತು. ಕೂತಲ್ಲೇ ಬಾಲ ಮೇಲೆ ಕೆಳಗೆ ಆಡಿಸುತ್ತ ಏದುಸಿರು ಬಿಡುತ್ತಿತ್ತು. ಮತ್ತೆ ಧಾರವಾಡಕ್ಕೆ ಹೋದೆವು.

ವೈದ್ಯೆ ಕೊಕ್ಕು ನೋಡಿದವರೇ ತಲೆ ಅಲ್ಲಾಡಿಸಿದರು.

"ಲಿವರ್ ಕೆಟ್ಟೈತ್ರಿ. ಕಾಳು ಯಾರ ಹಾಕ್ತೀರಿ ಮನ್ಯಾಗ?"

"ನಾನ" ಎಂದೆ. ಅಪ್ಪ ಥಟ್ಟನೆ ನನ್ನ ಕಡೆ ತಿರುಗಿ ನೋಡಿದರು.

"ಅಳತಿ ಬಿಟ್ಟು ಮ್ಯಾಲೆ ಏನರ ಹಾಕ್ತೀರೇನು?"

"ಒಂದು ಚಿವುಟು ಕುಸುಬಿ. ಪ್ರೀತೀಲೆ."

ವೈದ್ಯೆಗೆ ಬೇಸರ ಬಂದಿರಬೇಕು. ಇಂಥ ಪ್ರೀತಿ ದಿನವೂ ಅವರ ಟೇಬಲ್ಲಿಗೆ ಬರುತ್ತದೆ ತಾನೇ. ನನಗೆ ತಿಳಿಯಲಿ ಎಂದು, ಎಲ್ಲರಿಗೂ ಅರ್ಥವಾಗುವ ಉದಾಹರಣೆಯನ್ನೇ ಕೊಟ್ಟರು.

"ನೋಡ್ರಿ, ಸಕ್ಕರಿ ಬ್ಯಾನಿ ಇದ್ದವರಿಗೆ ಊಟ ಅಳತೀಲೆ ಹಾಕಿ, ಮ್ಯಾಲೆ ದಿನಾ ಒಂದು ತುಂಡು ಹೋಳಿಗಿ ಕೊಟ್ಟಂಗ ಆತು ಇದು. ಕೊಡೋರಿಗೆ ಪ್ರೀತಿ ಅನಸ್ತೈತಿ. ತಿನ್ನೋರ ಜೀವಾ ಹೋಗತೈತಿ."

ನಾನು ಅಪ್ಪನ ಮುಖ ನೋಡಲಿಲ್ಲ. ಪಂಜರದ ಮೇಲೆ ಹೊದಿಸುವ ಬಟ್ಟೆ ಅವರ ಕೈಯಲ್ಲಿತ್ತು, ಅದನ್ನು ಮಡಚುತ್ತಿದ್ದರು, ಬಿಚ್ಚುತ್ತಿದ್ದರು, ಮತ್ತೆ ಮಡಚುತ್ತಿದ್ದರು.

"ಸ್ವಲ್ಪಾನ ಕೊಟ್ಟರೂ ಏನ್ರಿ?" ಎಂದು ಕೇಳಿದರು.

"ಸ್ವಲ್ಪಾನ ಕೊಟ್ಟರೂ ಅಜ್ಜಾರ. ದಿನಾ ಕೊಟ್ಟರ ಅದು ಸ್ವಲ್ಪ ಎಲ್ಲಿ ಉಳೀತೈತ್ರಿ?" ಎಂದು ವೈದ್ಯೆ ಕೊಕ್ಕು ಕತ್ತರಿಸಲು ಬಾಗಿದರು. ಇನ್ನು ಕಮ್ಮಿ ಮಾಡಿದರೂ ಬಹಳ ಉಪಯೋಗವಿಲ್ಲ, ಆದರೂ ಮಾಡಿರಿ ಎಂದು ನನಗೆ ಹೇಳಿ ಕಳಿಸಿದರು.

ಬಸ್ಸಿನಲ್ಲಿ ಅಪ್ಪ ಪಂಜರವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ನವನಗರ ಬಂತು, ಉಣಕಲ್ ಕೆರೆ ಹಿಂದೆ ಹೋಯಿತು. ಏನಾದರೂ ಹೇಳಬೇಕೆಂದು ನಾನು ಎಷ್ಟೋ ಸಲ ಬಾಯಿ ತೆರೆದೆ. ಟಿಕೇಟಿನ ಬಗ್ಗೆ, ಬಿಸಿಲಿನ ಬಗ್ಗೆ ಮಾತಾಡಿದೆ.

ಮರುದಿನದಿಂದ ಅಪ್ಪ ಚಮಚದ ಮೇಲೆ ಬೆರಳೆಳೆದು ಸಪಾಟು ಮಾಡಿ ಹಾಕತೊಡಗಿದರು. ಚಮಚದಿಂದ ಜಾರಿದ ಒಂದು ಕಾಳನ್ನೂ ಹೆಕ್ಕಿ ಡಬ್ಬಿಗೆ ವಾಪಸು ಹಾಕುತ್ತಿದ್ದರು. ನಾನು ಬಯಸಿದ್ದು ಇದನ್ನೇ ಅಲ್ಲವೇ? ಅದನ್ನು ನೋಡಲು ನನ್ನಿಂದಾಗುತ್ತಿರಲಿಲ್ಲ. ಹಕ್ಕಿ ಖಾಲಿ ಬಟ್ಟಲನ್ನು ಕುಕ್ಕಿ ಕುಕ್ಕಿ ಸದ್ದು ಮಾಡಿದರೆ ಅಪ್ಪ ಎದ್ದು ಹಿಂದಿನ ಕೋಣೆಗೆ ಹೋಗಿಬಿಡುತ್ತಿದ್ದರು. ಊಟಕ್ಕೆ ಕೂತಾಗ ನನಗೂ ಬಡಿಸುವುದನ್ನು ಬಿಟ್ಟರು. ಒಂದು ದಿನ ನಾನಾಗಿಯೇ ತಾಟು ಮುಂದೆ ಮಾಡಿ, ಇನ್ನೊಂದು ರೊಟ್ಟಿ ಹಾಕ್ರಿ ಅಪ್ಪಾಜಿ ಎಂದೆ. ಹಸಿವೇನೂ ಇರಲಿಲ್ಲ.

"ಸಾಕ ಬಿಡ" ಎಂದರು.

ಸಂಕ್ರಮಣದ ಆಸುಪಾಸಿನಲ್ಲಿ ಅವ್ವನ ತಂಗಿ ಶಿರಗುಪ್ಪಿಯಿಂದ ಸಜ್ಜೆ ರೊಟ್ಟಿ ಕಟ್ಟಿಕೊಂಡು ಬಂದಿದ್ದಳು. ಹೊರಡುವಾಗ ಅವ್ವನ ಫೋಟೋಕ್ಕೆ ಕೈಮುಗಿದು, ಎಲ್ಲರೂ ಹೇಳುವುದನ್ನೇ ಹೇಳಿದಳು.

"ನಮ್ಮಕ್ಕ ಪುಣ್ಯವಂತಿ ಬಿಡ್ರಿ ಮಾಮಾರ. ಕಡೀತನಕ ಏನೂ ಕಮ್ಮಿ ಮಾಡ್ಲಿಲ್ಲ ನೀವು."

ಅಪ್ಪ ಆಕೆಯ ಚಪ್ಪಲಿಯನ್ನೇ ನೋಡುತ್ತ ನಿಂತರು. ಆಕೆಯನ್ನು ಆಟೋ ಹತ್ತಿಸಿ ನಾನು ಒಳಗೆ ಬರುವಾಗ ಪಂಜರದ ಎದುರು ಕುರ್ಚಿ ಹಾಕಿಕೊಂಡು ಕೂತಿದ್ದರು. ಹಕ್ಕಿ ಪಂಜರದ ತಳದಲ್ಲಿ, ಮೈ ಉಬ್ಬಿಸಿಕೊಂಡು, ಕಣ್ಣು ಮುಚ್ಚಿ ಕೂತಿತ್ತು. ಈಚೆಗೆ ಕಡ್ಡಿ ಹತ್ತುವುದೂ ಅದರಿಂದ ಆಗುತ್ತಿರಲಿಲ್ಲ.

"ನಿನಗ ಮೊದಲ ಗೊತ್ತಿತ್ತಲ್ಲ?" ಎಂದು ಕೇಳಿದರು.

"ಏನು, ಹಕ್ಕೀದಾ?"

"ಹಕ್ಕೀದಲ್ಲ."

ಇಷ್ಟು ವರ್ಷ ಈ ಪ್ರಶ್ನೆಗೆ ಹೆದರಿ ಬದುಕಿದ್ದರೂ ಒಂದು ಉತ್ತರ ಸಿದ್ಧಮಾಡಿ ಇಟ್ಟುಕೊಂಡಿರಲಿಲ್ಲ ನಾನು. ಗೊತ್ತಿರಲಿಲ್ಲ ಎಂದರೆ ಅವರು ನಂಬುವುದಿಲ್ಲ. ನೆಲದ ಮೇಲೆ ಅವರ ಕಾಲ ಬಳಿ ಕೂತೆ. ನನಗೆ ಹೊಳೆದದ್ದು, ಸುಳ್ಳಲ್ಲದ್ದು, ಒಂದೇ ಒಂದು ಮಾತು.

"ಅಪ್ಪಾಜಿ, ಅವ್ವ ಭಾಳ ಖುಷೀಲೆ ತಿಂತಿದ್ಲು."

ಅಪ್ಪ ಪಂಜರದಿಂದ ಕಣ್ಣು ತೆಗೆಯಲಿಲ್ಲ.

"ಇದೂ ಖುಷೀಲೇನ ತಿಂದೈತಿ" ಎಂದರು.