ಕಪ್ಪೆ ಕುಣಿಸುತ್ತಿದ್ದ ತೋಳು

ಯುದ್ಧದ ಕಾಲದಲ್ಲಿ ಮೇಗರವಳ್ಳಿ ಕಾಡಿನಲ್ಲಿ ನಾನು ದಿಮ್ಮಿ ಅಳೆಯುವ ಗುಮಾಸ್ತ. ಟೇಪು ಎತ್ತಿದರೂ ಏದುಸಿರು ಬರುವ ದೇಹ, ಅಳತೆಯೂ ತಪ್ಪು. ಅಲ್ಲಿ ಗರಗಸ ಎಳೆಯುತ್ತಿದ್ದವನೊಬ್ಬ ಗಂಜಿ ಕುಡಿದ ಮೇಲೆ ಬರಿತೋಳು ಮಡಚಿ, ಬೆರಳೂ ಅಲುಗಿಸದೆ ಮಾಂಸಖಂಡ ಕುಪ್ಪಳಿಸುವಂತೆ ಮಾಡುತ್ತಿದ್ದ. ನಾವದನ್ನು ಕಪ್ಪೆ ಅನ್ನುತ್ತಿದ್ದೆವು.

"ಕೆಲ್ಸ ಕೊಡದಿದ್ರೆ ತೋಳು ತನ್ನನ್ನೇ ತಿಂತದೆ ಮಾರಾಯ" ಎನ್ನುವುದು ಅವನ ಮಾತು. ನನ್ನ ತೋಳು ನೋಡಿ, "ನಿಂದು ಹುಟ್ಟೋಕ್ ಮುಂಚೆನೇ ಊಟ ಮುಗ್ಸಿದೆ" ಎಂದು ಸೇರಿಸುತ್ತಿದ್ದ.

ಮಲೇರಿಯಾ ಅವನನ್ನು ಎರಡು ತಿಂಗಳು ಮಲಗಿಸಿತು. ಕಂಟ್ರಾಕ್ಟರು ಹೊಸ ಹಂಗಾಮಿಗೆ ಆಳು ಆರಿಸುವ ದಿನ, ಅವನು ಸುಡುವ ಬಿಸಿಲಿನಲ್ಲಿ ತುಂಬುತೋಳಿನ ಕೋಟು ತೊಟ್ಟು ಸಾಲಿನಲ್ಲಿ ನಿಂತ. "ಒಂದ್ ತಿಂಗ್ಳು ಎಳೆದ್ರೆ ತೋಳು ವಾಪಸ್ ಬರ್ತದೆ" ಎಂದು ನನ್ನ ಕಿವಿಯಲ್ಲಿ ಹೇಳಿದ. ಕಂಟ್ರಾಕ್ಟರು ಅವನಿಗೆ ಹೂಂ ಎಂದು ತಲೆಯಾಡಿಸಿಯೂ ಆಗಿತ್ತು.

ನಗಿಸುವ ಚಟದ ನನ್ನ ಬಾಯಿ ಬುದ್ಧಿಗಿಂತ ಮುಂದೆ ಓಡಿತು. "ಧಣಿಗಳಿಗೆ ಕಪ್ಪೆ ತೋರ್ಸೋ."

"ಎಂತ ಕಪ್ಪೆ? ತೋರ್ಸು" ಎಂದರು ಕಂಟ್ರಾಕ್ಟರು.

ಅವನು ನನ್ನನ್ನೊಮ್ಮೆ ನೋಡಿ ಕೋಟು ಬಿಚ್ಚಿದ. ಮೂಳೆಯ ಮೇಲೆ ಚರ್ಮ ಜೋತಿತ್ತು. ಎಷ್ಟು ಮುಷ್ಟಿ ಬಿಗಿದರೂ ಏನೂ ಕುಪ್ಪಳಿಸಲಿಲ್ಲ.

"ಮನೇಲಿ ಕೂತು ಸುಧಾರ್ಸ್ಕೊ" ಎಂದು ಕಂಟ್ರಾಕ್ಟರು ಮುಂದಿನವನ ಕಡೆ ತಿರುಗಿದರು.

"ಕೂತ್ರೆ ಇದ್ದದ್ದೂ ಹೋಗ್ತದೆ ಧಣಿ" ಎಂದ. ಅವರು ಕೇಳಿಸಿಕೊಳ್ಳಲಿಲ್ಲ.

ಅವನು ಕೋಟು ಎತ್ತಿಕೊಂಡ. "ನೀನೇ ತೊಡ್ಸು" ಎಂದು ನನ್ನತ್ತ ಚಾಚಿದ. ಒಂದು ದಿಮ್ಮಿಯನ್ನೂ ಸರಿಯಾಗಿ ಅಳೆಯದ ನಾನು ಆ ತೋಳು ಹಿಡಿದಾಗ, ನನ್ನ ಹೆಬ್ಬೆರಳೂ ನಡುಬೆರಳೂ ಅದನ್ನು ಸುತ್ತಿ ಒಂದನ್ನೊಂದು ಮುಟ್ಟಿದವು.