ರೈಲು ಹೋದ ಮೇಲೆ ಆರುತ್ತಿದ್ದ ಕಂಪ್ಯೂಟರು

ಯಲಿಯೂರು ಕಡೆಯ ನಮ್ಮ ಹಾಲಿನ ಡೈರಿಯಲ್ಲಿ ಆ ಬೆಳಗ್ಗೆ ಅಧ್ಯಕ್ಷರು, ಕಂಪ್ಯೂಟರ್ ನೋಡಿಕೊಳ್ಳುವ ಅಕ್ಕ, ಹಾಲು ಹಾಕಲು ಬಂದ ನಾನು, ನಮ್ಮ ದೊಡ್ಡಮ್ಮ ಇದ್ದೆವು. ಮಂಡ್ಯದ ರಿಪೇರಿಯವರು ಕುರ್ಚಿಯಲ್ಲಿ ಕೂತು, ಎಂದಿನಂತೆ ಅಂಗಿಯ ತುದಿಯಿಂದ ಕನ್ನಡಕ ಒರೆಸುತ್ತಿದ್ದರು.

"ದಿನಾ ಬರ‍್ದಿದ್ದೆಲ್ಲ ಅಳಿಸ್ತಾವ್ಳೆ, ಹಾಲಿನ ಲೆಕ್ಕನೇ ಇಲ್ಲ. ಇವಳ್ನ ಕೆಲಸದಿಂದ ಬುಡಿಸ್ತೀನಿ," ಎಂದರು ಅಧ್ಯಕ್ಷರು. ಅಕ್ಕನ ಕಣ್ಣು ತುಂಬಿತು.

ರಿಪೇರಿಯವರು ಎಲ್ಲಿ ಹೋದರೂ ಹೇಳುತ್ತಿದ್ದ ಮಾತನ್ನೇ ಹೇಳಿದರು: "ಯಾರು ಅನ್ಬ್ಯಾಡಿ, ಯಾವೊತ್ತು ಅನ್ನಿ."

"ಏಳೂಕಾಲು ರೈಲು ಓದ್ಮೇಲೆ ಕಣಪ್ಪ," ಎಂದಳು ದೊಡ್ಡಮ್ಮ. "ಇವ್ಳು ಕ್ಯಾನು ತೊಳೆಯಕ್ಕೆ ಓಯ್ತಾಳಲ್ಲ, ಆಗ."

ಕಂಪ್ಯೂಟರು ತಾನೇ ಬರೆದಿಟ್ಟುಕೊಳ್ಳುವ ದಿನಚರಿಯಲ್ಲಿ ರಿಪೇರಿಯವರು ಆ ಹೊತ್ತನ್ನಷ್ಟೇ ಹುಡುಕಿದರು. ವಾರದಿಂದ ದಿನಾ ಏಳೂ ಇಪ್ಪತ್ತಕ್ಕೆ ಕರೆಂಟು ತಪ್ಪಿ ಆರಿತ್ತು.

"ಊರಿಗೆಲ್ಲ ಇರೋ ಕರೆಂಟು ಇದ್ಕೊಂದ್ಕೇ ಯಾಕೆ ಓಯ್ತು?" ಎಂದರು ರಿಪೇರಿಯವರು.

ದೊಡ್ಡಮ್ಮ ನಕ್ಕಳು. "ಅಧ್ಯಕ್ಸಪ್ಪ, ಆವೊತ್ಗೆ ದೇವ್ರ ಪಟಕ್ಕೆ ಸೀರಿಯಲ್ ಲೈಟ್ ಆಕೋನು ನೀನೇ ಅಲ್ವಾ? ಯಾವ ಪ್ಲಗ್ ಕಿತ್ತು ಸಿಗಿಸ್ತೀಯಪ್ಪ?"

ಅಧ್ಯಕ್ಷರು ಗೋಡೆಯ ಮೇಲಿನ ಪಟ ನೋಡಿದರು, ಅದರ ಕೆಳಗೆ ಕಂಪ್ಯೂಟರಿಗೆಂದಿದ್ದ ಒಂದೇ ಪ್ಲಗ್ ಪಾಯಿಂಟನ್ನೂ ನೋಡಿದರು. ರಿಪೇರಿಯವರು ಯಾರ ಮುಖವನ್ನೂ ನೋಡದೆ ಮತ್ತೆ ಕನ್ನಡಕ ಒರೆಸಿದರು.

ಮಾರನೇ ದಿನ ಅಧ್ಯಕ್ಷರು ಹೊಸ ಪ್ಲಗ್ ಬೋರ್ಡು ತಂದು, ಕುಂಕುಮ ಇಟ್ಟು, ಮೊದಲು ಕಂಪ್ಯೂಟರಿನ ಪ್ಲಗ್ಗನ್ನು ಅಕ್ಕನ ಕೈಯಿಂದಲೇ ಹಾಕಿಸಿದರು.